ಒಂದೆಕರೆ ಹುಲ್ಲಿನ ಸರಾಸರಿ

ಸೆಪ್ಟೆಂಬರ್ ೧೫, ಸೋಮವಾರ

ಇವತ್ತಿನಿಂದ ಕೆಲಸ. ಬೈಕಂಪಾಡಿಯ ಒಂದು ಗೋದಾಮು ಕಂಪನಿಯ ಹಿಂದೆ ಒಂದೆಕರೆ ಹದಿನಾಲ್ಕು ಸೆಂಟ್ಸ್ ಖಾಲಿ ಜಾಗ ಉಂಟು. ಅದರ ಹುಲ್ಲಿನ ಎತ್ತರವನ್ನು ನಲವತ್ತೈದು ದಿನ ಅಳೆದು ಬರೆಯಬೇಕು. ಅಳೆಯುವುದು ನನಗೆ ಹೊಸತಲ್ಲ. ಮೂವತ್ತೊಂದು ವರ್ಷ ಹೆಂಚಿನ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದವನು. ಹೆಂಚಿನ ದಪ್ಪ, ಬಾಗು, ಅದು ಹೀರುವ ನೀರು ಎಲ್ಲವನ್ನೂ ಅಳೆದಿದ್ದೇನೆ. ಒಂದು ಅಳತೆಯನ್ನೂ ಯಾರ ಮುಖ ನೋಡಿಯೂ ತಿದ್ದಿಲ್ಲ. ಅಲ್ಲಿಯ ಶಿಫ್ಟ್ ಪುಸ್ತಕ ಕನ್ನಡದಲ್ಲಿತ್ತು, ಆದ್ದರಿಂದ ಇದೂ ಕನ್ನಡದಲ್ಲಿ.

ಕೆಲಸ ಹುಡುಕಿದವಳು ನನ್ನ ಹೆಂಡತಿ ಒಲಿಂಡಾ. ನಿವೃತ್ತಿಯಾಗಿ ಮೂರು ತಿಂಗಳಲ್ಲಿ ದೇರೆಬೈಲಿನ ನಮ್ಮ ಅಡುಗೆಮನೆಯ ಸನ್ನಾ ಇಡ್ಲಿಗಳ ಎತ್ತರ ಒಂದೇ ಸಮ ಇಲ್ಲ ಎಂದು ನಾನು ಎರಡು ಸಲ ಹೇಳಿದೆ. ಮೂರನೆಯ ಸಲ ಹೇಳುವ ಮೊದಲೇ ಅವಳು ಶೈಲೇಶನಿಗೆ ಫೋನ್ ಮಾಡಿದಳು. ಶೈಲೇಶ ಗೋದಾಮಿನ ಮ್ಯಾನೇಜರ್, ಅವಳು ಟೀಚರಾಗಿದ್ದಾಗ ಅವಳ ವಿದ್ಯಾರ್ಥಿ.

ಆ ಜಾಗದಲ್ಲಿ ಹಲವು ವರ್ಷಗಳಿಂದ ಮುದ್ದು ಎಂಬ ಹೆಂಗಸಿನ ಮೂರು ಹಸು ಮೇಯುತ್ತಿವೆ. ಕಂಪನಿಗೆ ಹುಲ್ಲು ಕತ್ತರಿಸುವ ತಲೆನೋವಿಲ್ಲ, ಹಸುಗಳಿಗೆ ಮೇವು. ಈಗ ಹೆಡ್ ಆಫೀಸಿನಿಂದ ನಿಯಮ ಬಂದಿದೆ. ಸರಾಸರಿ ಎತ್ತರ ಇಪ್ಪತ್ತು ಸೆಂಟಿಮೀಟರ್ ದಾಟಬಾರದು, ದಾಟಿದರೆ ಹಾವು ಎಂದು ಲಾರಿಯವರು ದೂರುತ್ತಾರೆ. ಎಂಟಕ್ಕಿಂತ ಇಳಿಯಬಾರದು, ಇಳಿದರೆ ಬೇರು ಸತ್ತು ಮಣ್ಣು ಕೊಚ್ಚಿಹೋಗುತ್ತದೆ. ಸತತ ಮೂರು ಶುಕ್ರವಾರ ಎಂಟರ ಕೆಳಗೆ ಬಂದರೆ ಹಸುಗಳಿಗೆ ಗೇಟು ಬಂದ್, ಕತ್ತರಿಸಲು ಯಂತ್ರ ಬರುತ್ತದೆ.

ಸಲಕರಣೆ ಕೊಟ್ಟದ್ದು ಪ್ರಾಪ್ತಿ. ಮೇವಿನ ಬೆಳೆ ಓದಿದ ಹುಡುಗಿ, ಕಂಪನಿ ಸಲಹೆಗೆ ಕರೆಸಿದೆ. ಒಂದು ಕೋಲು, ಅದರಲ್ಲಿ ಮೇಲೆ ಕೆಳಗೆ ಜಾರುವ ಹಗುರವಾದ ತಟ್ಟೆ. ಕೋಲು ನೆಲ ಮುಟ್ಟಿದಾಗ ತಟ್ಟೆ ಹುಲ್ಲಿನ ಮೇಲೆ ಕೂರುತ್ತದೆ. ಕೂತ ಎತ್ತರವನ್ನು ಓದಬೇಕು. ಎತ್ತರ ಗೊತ್ತಾದರೆ ಒಂದೆಕರೆಯಲ್ಲಿ ಎಷ್ಟು ಮೇವು ನಿಂತಿದೆ ಎಂದು ಅವಳು ಲೆಕ್ಕ ಹಾಕುತ್ತಾಳೆ.

"ಜಾಗ ನೀವು ಆರಿಸ್ಬಾರ್ದು ಬಾಸಿಲ್ ಅಂಕಲ್," ಎಂದಳು. "ಅಂಕುಡೊಂಕಾಗಿ ನಡೀರಿ, ಕಾಲು ನಿಂತಲ್ಲಿ ತಟ್ಟೆ ಇಡಿ. ದಿನಕ್ಕೆ ಐವತ್ತು. ಸಗಣಿ ಮೇಲೆ ಮಾತ್ರ ಇಡ್ಬೇಡಿ."

ಮುದ್ದು ಎಂಬವರಿಗೆ ಅರವತ್ತರ ಆಸುಪಾಸು. ಎಲ್ಲರೂ ಮುದ್ದಕ್ಕ ಎನ್ನುತ್ತಾರೆ. ಹಸುಗಳಿಗೂ ಹೆಸರುಂಟಂತೆ: ಬೊಳ್ಳಿ, ಕೆಂಪಿ, ಉರ್ವ. ಮೂರನೆಯದನ್ನು ಉರ್ವದಿಂದ ತಂದದ್ದು. ನಾನು ಪುಸ್ತಕದಲ್ಲಿ ಹಸು ೧, ಹಸು ೨, ಹಸು ೩ ಎಂದು ಬರೆದುಕೊಂಡೆ.

ಸರಾಸರಿ ೧೨.೬.

ಸೆಪ್ಟೆಂಬರ್ ೧೭, ಬುಧವಾರ

ಬಲ ಶೂ ಸಗಣಿಯಲ್ಲಿ ಹೋಯಿತು. ಕರಿ ಲೆದರ್ ಶೂ, ಕಾರ್ಖಾನೆಯವರು ಬೀಳ್ಕೊಡುಗೆಗೆ ಕೊಟ್ಟದ್ದು. ತೊಳೆಯಲು ಅರ್ಧ ಗಂಟೆ. ಮುದ್ದಕ್ಕ ತೆಂಗಿನ ನಾರು ಕೊಟ್ಟರು.

"ಹವಾಯಿ ಚಪ್ಪಲಿ ಹಾಕಿ ಬನ್ನಿ ಮಾರಾಯ್ರೆ. ಇಲ್ಲಿ ಎಂತ ನಿಮ್ಮವರ ರೋಸ್ ಶಾಸ್ತ್ರ ಉಂಟಾ, ಮದುವೆ ಉಂಟಾ?"

ಡ್ಯೂಟಿಯಲ್ಲಿ ಚಪ್ಪಲಿ ಹಾಕುವ ಕ್ರಮ ನನಗಿಲ್ಲ ಎಂದೆ. ಅವರು ಕೆಂಪು ಹಸುವಿಗೆ ತುಳುವಿನಲ್ಲಿ ಏನೋ ಹೇಳಿದರು. ಹಸು ಉತ್ತರ ಕೊಡಲಿಲ್ಲ.

ಸರಾಸರಿ ೧೨.೧.

ಸೆಪ್ಟೆಂಬರ್ ೨೨, ಸೋಮವಾರ

ಪ್ರಗತಿ ಆಗಿದೆ. ಹಸು ತನ್ನ ಸಗಣಿಯ ಸುತ್ತ ಒಂದು ಮೊಳದಷ್ಟು ಹುಲ್ಲನ್ನು ಮುಟ್ಟುವುದಿಲ್ಲ. ಅಲ್ಲೆಲ್ಲ ಹುಲ್ಲು ಹಿಡಿಸೂಡಿ ಪೊರಕೆಯ ಹಾಗೆ ಎದ್ದು ನಿಂತಿದೆ. ಆದ್ದರಿಂದ ಸಗಣಿ ಎಲ್ಲಿದೆ ಎಂದು ದೂರದಿಂದಲೇ ತಿಳಿಯುತ್ತದೆ. ಎಲ್ಲವನ್ನೂ ಬಳಸಿಕೊಂಡು ಈ ತುದಿಯಿಂದ ಆ ತುದಿಗೆ ಒಂದು ಸ್ವಚ್ಛ ದಾರಿ ಗೊತ್ತುಮಾಡಿಕೊಂಡಿದ್ದೇನೆ. ದಾರಿ ಅಂಕುಡೊಂಕಾಗಿಯೇ ಇದೆ, ಪ್ರಾಪ್ತಿ ಹೇಳಿದ ಹಾಗೆ. ಮೊದಲು ಐವತ್ತು ಅಳತೆಗೆ ಒಂದೂವರೆ ಗಂಟೆ ಬೇಕಿತ್ತು. ಇವತ್ತು ಮೂವತ್ತೈದು ನಿಮಿಷ. ಶೂ ನಿಷ್ಕಳಂಕ.

"ಇನ್ನು ದಿನಾ ಈ ದಾರಿಯಲ್ಲೇ ಹೋಗ್ತೀರಾ?" ಎಂದು ಮುದ್ದಕ್ಕ ಕೇಳಿದರು.

"ಪದ್ಧತಿ ಅಂದ್ರೆ ಹಾಗೆಯೇ," ಎಂದೆ.

ಅವರು ನನ್ನನ್ನು ನೋಡಿ, "ಆಯ್ತು," ಎಂದರು.

ಸರಾಸರಿ ೧೧.೦.

ಸೆಪ್ಟೆಂಬರ್ ೨೬, ಶುಕ್ರವಾರ

ಮೊದಲ ವಾರಗಳ ಲೆಕ್ಕ ನೋಡಲು ಪ್ರಾಪ್ತಿ ಆಫೀಸಿಗೆ ಬಂದಿದ್ದಳು. ನನ್ನ ಅಂಕಿಗಳು ನೀಟಾಗಿವೆ ಎಂದಳು. ಅದು ನನಗೆ ಗೊತ್ತಿತ್ತು.

ಹಸುವಿನ ವಿಷಯ ಒಂದು ಹೇಳಿದಳು. ಹಸುವಿಗೆ ಮೇಲಿನ ದವಡೆಯಲ್ಲಿ ಮುಂದಿನ ಹಲ್ಲಿಲ್ಲ. ಹುಲ್ಲು ಉದ್ದ ಇದ್ದರೆ ನಾಲಗೆ ಸುತ್ತಿ ಒಂದು ಹಿಡಿ ಎಳೆದುಕೊಳ್ಳುತ್ತದೆ. ಗಿಡ್ಡ ಆದರೆ ನಾಲಗೆಗೆ ಹಿಡಿತ ಸಿಗುವುದಿಲ್ಲ, ತುತ್ತು ಸಣ್ಣದಾಗುತ್ತದೆ. ಆಗ ಅದು ಬೇಗ ಬೇಗ ಕಚ್ಚುತ್ತದೆ, ದಿನವಿಡೀ ನಡೆಯುತ್ತದೆ, ಮಲಗಿ ಮೆಲುಕು ಹಾಕಲು ಪುರುಸೊತ್ತು ಇರುವುದಿಲ್ಲ, ಕೊನೆಗೆ ಹಾಲು ಇಳಿಯುತ್ತದೆ. ಅಂದರೆ ಹಸುವೂ ಒಂದು ಅಳತೆಯ ಸಲಕರಣೆ, ಆದರೆ ಅದಕ್ಕೆ ಮುಳ್ಳಿಲ್ಲ.

ವಾಚು ಹಿಡಿದು ಎಣಿಸಿದೆ. ಹಸು ೧: ನಿಮಿಷಕ್ಕೆ ನಲವತ್ತೊಂದು ಕಚ್ಚು. ಹಸು ೨: ನಲವತ್ತಮೂರು. ಹಸು ೩ ಎಣಿಸುವಾಗ ನನ್ನನ್ನೇ ನೋಡುತ್ತ ನಿಂತಿತು.

ಸರಾಸರಿ ೯.೪.

ಅಕ್ಟೋಬರ್ ೩, ಶುಕ್ರವಾರ

ಸರಾಸರಿ ೭.೮. ಎಂಟರ ಕೆಳಗೆ ಮೊದಲ ಶುಕ್ರವಾರ.

ಮುದ್ದಕ್ಕನಿಗೆ ನಾನೇ ಹೇಳಿದೆ. ಬೇರೆಯವರಿಂದ ತಿಳಿಯುವುದು ಸರಿಯಲ್ಲ. ಗೇಟು ಬಂದ್ ಆದರೆ ಬೇರೆಲ್ಲಿ ಮೇಯಿಸುತ್ತೀರಿ ಎಂದೂ ಕೇಳಿದೆ. ಅದು ನನ್ನ ಕೆಲಸಕ್ಕೆ ಸಂಬಂಧಪಟ್ಟದ್ದಲ್ಲ, ಆದರೂ ಕೇಳಿದೆ.

"ಬೈಕಂಪಾಡಿಯಲ್ಲಿ ಈಗ ಹುಲ್ಲು ಎಲ್ಲಿ ಉಂಟು? ಎಲ್ಲಾ ಕಾಂಪೌಂಡು. ಕಟ್ಟಿ ಹಾಕಿ ಸಾಕಿದ್ರೆ ಒಂದನ್ನು ಸಾಕಬಹುದು. ಎರಡನ್ನು ಕೊಡಬೇಕು." ಹಗ್ಗ ಸುತ್ತುತ್ತಾ ಹೇಳಿದರು. "ಆದ್ರೆ ಬೊಳ್ಳಿ ಹತ್ತು ಗಂಟೆಗೆ ಹೊಟ್ಟೆ ತುಂಬಿ ಮಲಗ್ತದಲ್ಲ. ನಿಮ್ಮ ತಟ್ಟೆಗೆ ಅದು ಕಾಣುದಿಲ್ವಾ?"

ತಟ್ಟೆ ಹುಲ್ಲನ್ನು ಮಾತ್ರ ಅಳೆಯುತ್ತದೆ ಎಂದೆ.

ಅಕ್ಟೋಬರ್ ೫, ಭಾನುವಾರ

ಪೂಜೆಗೆ ಹೋದಾಗ ಇಗರ್ಜಿಯ ಬೆಂಚಿನಲ್ಲಿ ಒಲಿಂಡಾ ನನ್ನಿಂದ ಒಂದು ಗೇಣು ದೂರ ಕೂತಳು. ಶೂ ಸ್ವಚ್ಛವಾಗಿಯೇ ಇತ್ತು. ವಾಸನೆ ಶೂನಲ್ಲಿ ಅಲ್ಲ, ನನ್ನಲ್ಲಿ ಎಂದು ಮನೆಗೆ ಬಂದ ಮೇಲೆ ಹೇಳಿದಳು.

ಅಕ್ಟೋಬರ್ ೮, ಬುಧವಾರ

ಸಮಸ್ಯೆ ಇದು. ಸರಾಸರಿ ೭.೪ ಇರುವಾಗ ಹಸು ನಿಮಿಷಕ್ಕೆ ಅರವತ್ತರ ಹತ್ತಿರ ಕಚ್ಚಬೇಕಿತ್ತು. ಬೊಳ್ಳಿ ನಲವತ್ತು ಕಚ್ಚುತ್ತದೆ. ಹತ್ತು ಇಪ್ಪತ್ತಕ್ಕೆ ಮಲಗಿ ಮೆಲುಕು ಹಾಕಲು ಶುರುಮಾಡುತ್ತದೆ. ಹತ್ತೂವರೆಗೆ ಕೆಂಪಿಯೂ ಮಲಗುತ್ತದೆ. ಉರ್ವ ಮಲಗುವುದು ಸ್ವಲ್ಪ ತಡ, ಅದು ಮೊದಲು ಎಲ್ಲರನ್ನೂ ಒಂದು ಸುತ್ತು ನೋಡಿ ಬರುತ್ತದೆ. ಹಾಲು ಎಷ್ಟಾಗುತ್ತದೆ ಎಂದು ಕೇಳಿದೆ. ಒಂದು ಲೋಟವೂ ಇಳಿದಿಲ್ಲವಂತೆ.

ನನ್ನ ಅಳತೆಯನ್ನು ಎರಡು ಸಲ ಪರೀಕ್ಷಿಸಿದೆ. ತಟ್ಟೆ ಸರಿ ಜಾರುತ್ತದೆ, ಕೋಲಿನ ಗುರುತು ಸರಿ ಇದೆ, ಕೂಡಿಸಿದ್ದು ಸರಿ ಇದೆ. ಆದ್ದರಿಂದ ಹಸುಗಳ ನಡವಳಿಕೆ ತಪ್ಪು ಎಂದು ಷರಾ ಬರೆದೆ.

ಅಕ್ಟೋಬರ್ ೧೦, ಶುಕ್ರವಾರ

ಸರಾಸರಿ ೭.೧. ಎರಡನೆಯದು.

ಅಕ್ಟೋಬರ್ ೧೪, ಮಂಗಳವಾರ

ಕಿನ್ನಿಗೋಳಿಯಿಂದ ಹ್ಯೂಬರ್ಟ್ ಎಂಬವರು ಹಸು ಕೊಳ್ಳಲು ನೋಡಿ ಹೋಗಲು ಬಂದಿದ್ದರು. ಅವರಿಗೆ ಹನ್ನೆರಡು ಹಸುವಿನ ಕೊಟ್ಟಿಗೆ ಉಂಟಂತೆ. ಬೊಳ್ಳಿಯ ಬಾಯಿ ತೆರೆದು ಹಲ್ಲು ನೋಡಿದರು, ಕೆಚ್ಚಲು ಮುಟ್ಟಿದರು, ಕೆಂಪಿಯನ್ನೂ ನೋಡಿದರು. ಒಳ್ಳೆಯ ಮನುಷ್ಯ. ನನ್ನ ಹತ್ತಿರ ಕೊಂಕಣಿಯಲ್ಲಿ, "ನೀವು ಇಲ್ಲಿ ಎಂತ ಮಾಡುದು?" ಎಂದು ಕೇಳಿದರು. ಅಳೆಯುವುದು ಎಂದೆ. "ಎಂತ ಅಳೆಯುದು?" ಎಂದರು. ಹುಲ್ಲು ಎಂದೆ. ಅವರು ಮತ್ತೆ ಬೊಳ್ಳಿಯ ಹತ್ತಿರ ಹೋದರು.

ಅವರು ಹಲ್ಲು ನೋಡುವಾಗ ಮುದ್ದಕ್ಕ ಬೊಳ್ಳಿಯ ಕಿವಿ ಹಿಡಿದುಕೊಂಡಿದ್ದರು. ಬಾಯಿ ಮುಚ್ಚಿದ ಮೇಲೂ ಕಿವಿ ಬಿಡಲಿಲ್ಲ.

ಅಕ್ಟೋಬರ್ ೧೭, ಶುಕ್ರವಾರ

ಸರಾಸರಿ ೬.೬. ವರದಿ ಕೊಟ್ಟೆ. ಶೈಲೇಶ ಓದಿ, "ಹಾಗಾದ್ರೆ ನವೆಂಬರ್ ಒಂದರಿಂದ ಬಂದ್ ಸರ್. ನಾನು ಎಂತ ಮಾಡ್ಲಿಕ್ಕೂ ಆಗುದಿಲ್ಲ," ಎಂದ. ಅವನ ಮೇಲೆ ತಪ್ಪಿಲ್ಲ. ನನ್ನ ಮೇಲೂ ಇಲ್ಲ.

ರಾತ್ರಿ ಊಟಕ್ಕೆ ಬಂಗುಡೆ ಮೀನು ಇತ್ತು. ಚೆನ್ನಾಗಿತ್ತು ಎಂದು ಒಲಿಂಡಾ ಹೇಳಿದಳು.

ಅಕ್ಟೋಬರ್ ೨೨, ಬುಧವಾರ

ದೀಪಾವಳಿಯ ಗೋಪೂಜೆ. ಕಂಪನಿಗೆ ರಜೆ. ಮುದ್ದಕ್ಕ ಕರೆದಿದ್ದರು, ಹೋಗದಿದ್ದರೆ ಚೆನ್ನಾಗಿರುವುದಿಲ್ಲ.

ಹಸುಗಳನ್ನು ಮೀಯಿಸಿ ಗೊಂಡೆ ಹೂವಿನ ಮಾಲೆ ಹಾಕಿದ್ದರು. ತೆಂಗಿನ ಗೆರಟೆಯನ್ನು ಬಿಳಿ ಜೇಡಿಮಣ್ಣಿನಲ್ಲಿ ಅದ್ದಿ ಮೈಮೇಲೆಲ್ಲ ಉರುಟು ಮುದ್ರೆ ಒತ್ತಿದ್ದರು. ಮುದ್ರೆಗಳ ಅಂತರ ಒಂದೇ ಸಮ ಇರಲಿಲ್ಲ, ಆದರೂ ಚಂದ ಕಂಡಿತು. ಆರತಿ ಎತ್ತುವಾಗ ಬೊಳ್ಳಿಯ ಹಗ್ಗ ಹಿಡಿಯಲು ನನಗೆ ಹೇಳಿದರು. ಹಿಡಿದೆ. ಆ ಹೊತ್ತಿಗೇ ಪಕ್ಕದ ವರ್ಕ್‌ಶಾಪಿನವರು ಗರ್ನಾಲು ಪಟಾಕಿ ಸಿಡಿಸಿದರು. ಬೊಳ್ಳಿ ಓಡಿತು. "ಹಗ್ಗ ಬಿಡಿ," ಎಂದು ಮುದ್ದಕ್ಕ ಕೂಗಿದರು. ಹಿಡಿಯಲು ಹೇಳಿದ್ದವರು ಅವರೇ. ಬಿಡಬೇಕು ಎಂದು ನನಗೆ ಹೊಳೆಯುವಾಗ ಜಾಗದ ನಟ್ಟನಡುವೆ ಇದ್ದೆ. ಎಡ ಶೂ ಇರಲಿಲ್ಲ, ಬಲ ಶೂ ಸಗಣಿಯಲ್ಲಿತ್ತು, ನಾನು ಹುಲ್ಲಿನಲ್ಲಿ ಕೂತಿದ್ದೆ. ಬೊಳ್ಳಿ ಅಲ್ಲೇ ನಿಂತು ಮೇಯಲು ಶುರುಮಾಡಿತು.

ಕೂತಲ್ಲಿಂದ ನೋಡಿದೆ. ಹುಲ್ಲು ನೆಲಕ್ಕೆ ಊರಿದ ನನ್ನ ಕೈಯ ಮಣಿಕಟ್ಟು ದಾಟಿ ಬರುತ್ತಿತ್ತು. ಸುತ್ತಲೂ ಹಾಗೆಯೇ. ಅದರ ನಡುವೆ, ಈ ತುದಿಯಿಂದ ಆ ತುದಿಗೆ, ಒಂದಡಿ ಅಗಲದ ಒಂದು ಕಾಲುದಾರಿ ಅಂಕುಡೊಂಕಾಗಿ ಹೋಗಿತ್ತು. ಅದರಲ್ಲಿ ಹುಲ್ಲು ಚಾಪೆಯ ಹಾಗೆ ನೆಲಕ್ಕೆ ಅಂಟಿತ್ತು. ಇಲ್ಲಿ ಯಾರು ನಡೆಯುತ್ತಾರೆ ಎಂದು ಯೋಚಿಸಿದೆ. ಸ್ವಲ್ಪ ಹೊತ್ತು ಬೇಕಾಯಿತು.

ವಾಚ್‌ಮನ್ ಕೋಣೆಯಿಂದ ತಟ್ಟೆ ತಂದೆ. ದಾರಿಯ ಮೇಲೆ ೬.೪. ಎರಡು ಹೆಜ್ಜೆ ಆಚೆ ೧೧. ಈಚೆ ೧೪. ಮತ್ತೊಂದು ಕಡೆ ೧೦. ಹಸುಗಳು ಹುಲ್ಲನ್ನು ಬೋಳು ಮಾಡಿಲ್ಲ. ಒಂದು ತಿಂಗಳು ಒಂದೇ ದಾರಿಯಲ್ಲಿ ನಡೆದು ನಾನೇ ತುಳಿದಿದ್ದೇನೆ, ತುಳಿದದ್ದನ್ನೇ ಅಳೆದಿದ್ದೇನೆ.

ಮುದ್ದಕ್ಕ ಶೂ ಹುಡುಕಿ ತಂದುಕೊಟ್ಟರು. ಅವರಿಗೆ ಏನೂ ಹೇಳಲಿಲ್ಲ. ನಾಚಿಕೆಯಾಯಿತು. ಅವಲಕ್ಕಿ ಕೊಟ್ಟರು, ತಿಂದು ಬಂದೆ.

ಅಕ್ಟೋಬರ್ ೨೩, ಗುರುವಾರ

ನಿದ್ದೆ ಬರಲಿಲ್ಲ. ೨೦೦೯ರಲ್ಲಿ ಕಾರ್ಖಾನೆಯಲ್ಲಿ ರೋಷನ್ ಎಂಬವನು ಬಾಗಿಲ ಹತ್ತಿರದ ಹೆಂಚುಗಳನ್ನು ಮಾತ್ರ ಅಳೆದು ಹೆಂಚು ಸುಡುವ ಇಡೀ ಗೂಡಿಗೆ ಸರಿ ಎಂದು ಬರೆದಿದ್ದ. ಒಳಗೆ ಸೆಕೆ ಎಂದು ಕಾರಣ ಕೊಟ್ಟ. ಅವನನ್ನು ತೆಗೆಯಬೇಕೆಂದು ಶಿಫಾರಸು ಬರೆದವನು ನಾನು. ಅವನಿಗೆ ಆಗ ಮದುವೆಯಾಗಿ ಎರಡು ತಿಂಗಳು.

ಬೆಳಿಗ್ಗೆ ಒಲಿಂಡಾಗೆ ಎಲ್ಲ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು, "ಈಗ ಜಾಗ ನೀನು ಆರಿಸದ ಹಾಗೆ ಅಳೆಯುದು ಹೇಗೆ?"

ನನಗೆ ಗೊತ್ತಿರಲಿಲ್ಲ. ನಾನು ಆರಿಸಿದರೆ ಇನ್ನು ಉದ್ದ ಹುಲ್ಲಿನ ಕಡೆಗೇ ಕಾಲು ಹೋಗುತ್ತದೆ. ಅದೂ ಸುಳ್ಳೇ. ಪ್ರಾಪ್ತಿಗೆ ಫೋನ್ ಮಾಡಿದೆ. ಜಾಗವನ್ನು ಚೌಕ ಚೌಕ ಮಾಡಿ ಚೀಟಿ ಎತ್ತಿ ಎಂದಳು. ಒಲಿಂಡಾ ಕಪಾಟಿನಿಂದ ಹೌಸಿಯ, ಅಂದರೆ ತಂಬೋಲಾ ಆಟದ, ಚೀಲ ತೆಗೆದಳು, ಇಗರ್ಜಿಯ ನಮ್ಮ ವಾಳೆಯ (ವಾರ್ಡಿನ) ಪಾರ್ಟಿಗಳಲ್ಲಿ ಅವಳೇ ನಂಬ್ರ ಕರೆಯುವವಳು. ಚೀಲದಲ್ಲಿ ಒಂದರಿಂದ ತೊಂಬತ್ತರವರೆಗೆ ಗೋಲಿ ಉಂಟು. ನೂಲು ಕಟ್ಟಿ ಜಾಗವನ್ನು ತೊಂಬತ್ತು ಚೌಕ ಮಾಡಿದೆವು. ಮುದ್ದಕ್ಕನೂ ನೂಲು ಹಿಡಿದರು. ಎಂತಕ್ಕೆ ಎಂದು ಕೇಳಲಿಲ್ಲ. ಹೊಸ ವಿಧಾನ ಎಂದು ಮಾತ್ರ ನಾನು ಹೇಳಿದೆ.

ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಒಲಿಂಡಾ ಚೀಲ ಕುಲುಕಿದಳು. "ನಂಬರ್ ಸೆವೆಂಟಿ ತ್ರೀ." ನಾನು ಎಪ್ಪತ್ತಮೂರಕ್ಕೆ ಹೋದೆ. ಅದರ ನಡುವೆ ಸಗಣಿ ಇತ್ತು. ಪಕ್ಕಕ್ಕೆ ತಟ್ಟೆ ಇಟ್ಟೆ, ಕಾಲು ಸಗಣಿಯಲ್ಲೇ ಇತ್ತು. "ಓನ್ಲಿ ನಂಬರ್ ಫೋರ್." ನಾಲ್ಕಕ್ಕೆ ಹೋದೆ. ಲಾರಿಯವರು ಕಾಂಪೌಂಡಿನ ಮೇಲಿಂದ ನೋಡಿದರು, ಒಬ್ಬ ತನಗೂ ಟಿಕೇಟು ಉಂಟಾ ಎಂದು ಕೇಳಿದ. ಕಾಲುದಾರಿಯ ಚೌಕಗಳೂ ಬಂದವು, ಅವನ್ನೂ ಬರೆದೆ. ಐವತ್ತು ನಂಬ್ರ ಮುಗಿಯಲು ಎರಡು ಗಂಟೆ. ಶೂ ಎರಡೂ ಹಾಳಾದವು.

ಸರಾಸರಿ ೧೦.೭.

ಅಕ್ಟೋಬರ್ ೨೪, ಶುಕ್ರವಾರ

ಶೈಲೇಶನಿಗೆ ಪತ್ರ ಕೊಟ್ಟೆ. ಸೆಪ್ಟೆಂಬರ್ ಇಪ್ಪತ್ತೆರಡರಿಂದ ಅಕ್ಟೋಬರ್ ಇಪ್ಪತ್ತೊಂದರವರೆಗಿನ ನನ್ನ ಎಲ್ಲ ಅಳತೆ ತಪ್ಪು, ಅದು ಹುಲ್ಲುಗಾವಲಿನ ಎತ್ತರವಲ್ಲ, ಬಾಸಿಲ್ ಎಂಬವನ ಕಾಲುದಾರಿಯ ಎತ್ತರ ಎಂದು ಬರೆದಿದ್ದೆ. ಬೇರೆಯವರಿಂದ ಮರು ಅಳತೆ ಮಾಡಿಸಬೇಕು ಎಂದೂ, ಅಳೆದವನನ್ನು ಕೆಲಸದಿಂದ ತೆಗೆಯಬೇಕು ಎಂದೂ ಶಿಫಾರಸು ಮಾಡಿದ್ದೆ. ರೋಷನ್‌ಗೆ ಬರೆದ ವಾಕ್ಯವನ್ನೇ ಬರೆದೆ.

ಶೈಲೇಶ ಎರಡು ಸಲ ಓದಿದ. "ಸರ್, ಇದನ್ನು ಕಳಿಸ್ಬೇಕಾ? ನಿಮ್ಮ ಕಾಂಟ್ರಾಕ್ಟ್ ಒಂದು ವರ್ಷಕ್ಕೆ ಮಾಡುವ ಅಂತ ಇದ್ದೆ ನಾನು. ಒಲಿಂಡಾ ಟೀಚರಿಗೆ ಎಂತ ಹೇಳುದು?"

"ನಂಬ್ರ ಕರೆದವಳೇ ಅವಳು," ಎಂದೆ.

"ಹಸುವಿನ ಮೇಲೆ ಪ್ರೀತಿ ಬಂದು ಬರೆದಿದ್ದಾರೆ ಅಂತ ಹೆಡ್ ಆಫೀಸಲ್ಲಿ ಹೇಳಿದ್ರೆ?"

ಹಾಗೇನಿಲ್ಲ ಎಂದೆ. ಅದಕ್ಕೇ ಬೇರೆಯವರು ಅಳೆಯಲಿ.

ಅಕ್ಟೋಬರ್ ೨೬, ಭಾನುವಾರ

ಪೂಜೆ ಮುಗಿದ ಮೇಲೆ ಇಗರ್ಜಿಯಿಂದ ನೇರ ಬೈಕಂಪಾಡಿಗೆ ಹೋದೆವು. ಹ್ಯೂಬರ್ಟ್ ಟೆಂಪೋ ತಂದಿದ್ದರು. ಬೊಳ್ಳಿಯನ್ನು ಹತ್ತಿಸಲು ಹಲಗೆಯನ್ನೂ ಇಟ್ಟಾಗಿತ್ತು. ಮುದ್ದಕ್ಕ ನನ್ನನ್ನು ನೋಡಿದರು, ನನ್ನ ಹವಾಯಿ ಚಪ್ಪಲಿಯನ್ನು ನೋಡಿದರು, ಮತ್ತೆ ಹ್ಯೂಬರ್ಟ್ ಕಡೆ ತಿರುಗಿ, "ಮುಂದಿನ ಶುಕ್ರವಾರದವರೆಗೆ ನಿಲ್ಲಿ, ನಾನು ಹೇಳ್ತೇನೆ," ಎಂದರು.

ಹ್ಯೂಬರ್ಟ್ ಹಲಗೆ ತೆಗೆದುಕೊಂಡು ಹೋದರು. ನಾನು ಮುದ್ದಕ್ಕನಿಗೆ ಇನ್ನೂ ಏನೂ ಹೇಳಿರಲಿಲ್ಲ. ಒಂದೇ ದಿನದ ಅಳತೆಯ ಮೇಲೆ ಯಾರಿಗೂ ಆಸೆ ಹುಟ್ಟಿಸಬಾರದು. ಆದರೆ ಟೆಂಪೋ ಖಾಲಿ ಹೋದದ್ದು ನೋಡಿ ನನಗೆ ಬಹಳ ಸಂತೋಷವಾಯಿತು.

ಅಕ್ಟೋಬರ್ ೩೦, ಗುರುವಾರ

ಪ್ರಾಪ್ತಿ ಬಂದು ತಾನೇ ಅಳೆದಳು. ಚೀಟಿ ಅವಳದ್ದು, ತಟ್ಟೆ ಅವಳದ್ದು. ಕೆಲವು ಕಡೆ ಚೌಕಟ್ಟು ಇಟ್ಟು ಹುಲ್ಲು ಕತ್ತರಿಸಿ ತೂಕಕ್ಕೂ ತೆಗೆದುಕೊಂಡಳು. ನಾನು ಕಾಂಪೌಂಡಿನ ಹೊರಗೆ ನಿಂತಿದ್ದೆ. ಒಳಗೆ ಬನ್ನಿ ಎಂದು ಕರೆದಳು, ಹೋಗಲಿಲ್ಲ.

ಐವತ್ತು ಅಳತೆ. ಅವಳು ಕೂಡಿಸುವಾಗ ಮೊಬೈಲಿನ ಚಾರ್ಜ್ ಮುಗಿಯಿತು. ನನ್ನ ಪುಸ್ತಕ ಕೊಟ್ಟೆ. ಕೈಯಲ್ಲಿ ಕೂಡಿಸಿದಳು.

ಸರಾಸರಿ ೧೦.೪.

ಅಕ್ಟೋಬರ್ ೩೧, ಶುಕ್ರವಾರ

ಮಧ್ಯಾಹ್ನ ಹೆಡ್ ಆಫೀಸಿನಿಂದ ಎರಡು ಸಾಲು ಬಂತು. ಗೇಟು ತೆರೆದಿರಲಿ. ಅಳೆಯುವವರನ್ನು ಬದಲಿಸಿ. ಎರಡೂ ನ್ಯಾಯವಾದದ್ದು. ಕೋಲು ಮತ್ತು ತಟ್ಟೆಯನ್ನು ಒರೆಸಿ ಶೈಲೇಶನ ಮೇಜಿನ ಮೇಲಿಟ್ಟೆ, ರಶೀದಿ ತೆಗೆದುಕೊಂಡೆ.

ಮುದ್ದಕ್ಕ ಜಾಗದ ಅಂಚಿನಲ್ಲಿ ಕೂತಿದ್ದರು. ಹ್ಯೂಬರ್ಟ್‌ಗೆ ಫೋನ್ ಮಾಡಿ ಬೇಡ ಎಂದಾಗಿತ್ತು. ನಾನು ನಿಂತುಕೊಂಡೇ ಎಲ್ಲ ಹೇಳಿದೆ: ಶೂ, ಸಗಣಿ, ದಾರಿ, ತುಳಿದದ್ದು. ತಪ್ಪು ನನ್ನದು, ನಿಮ್ಮ ಹಸುಗಳದ್ದಲ್ಲ, ಕ್ಷಮಿಸಬೇಕು ಎಂದೆ. ಮೂವತ್ತೊಂದು ವರ್ಷದಲ್ಲಿ ನಾನು ಯಾರ ಹತ್ತಿರವೂ ಈ ಮಾತು ಹೇಳಿದ್ದಿಲ್ಲ. ಹೇಳಲು ಬರುತ್ತದೆ ಎಂದೂ ಗೊತ್ತಿರಲಿಲ್ಲ.

"ದಾರಿ ನನಗೆ ಗೊತ್ತಿತ್ತಲ್ಲ," ಎಂದರು. "ಒಂದೇ ವಾರದಲ್ಲಿ ಕಂಡಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ ನೀವು?"

"ನಿಮಗೆ ಆಫೀಸಿನವರು ಹಾಗೆ ಅಳೆಯಲಿಕ್ಕೆ ಹೇಳಿದ್ದಾರೆ ಅಂತ ಎಣಿಸಿದ್ದೆ. ನಮ್ಮನ್ನು ಹೊರಗೆ ಹಾಕ್ಲಿಕ್ಕೆ ಒಂದು ಲೆಕ್ಕ ಬೇಕಲ್ಲ ಅವರಿಗೆ."

ಹಾಗಾದರೆ ಜನ ಕರೆದು ಜಗಳ ಮಾಡಬಹುದಿತ್ತಲ್ಲ, ಆ ದಾರಿಯನ್ನು ತೋರಿಸಿದ್ದರೆ ಸಾಕಿತ್ತಲ್ಲ ಎಂದೆ.

"ತೋರಿಸಿದ್ರೆ ನಿಮ್ಮ ಕೆಲಸ ಹೋಗ್ತಿತ್ತು. ಈ ಪ್ರಾಯದಲ್ಲಿ ಬಿಸಿಲಿಗೆ ಹುಲ್ಲು ಅಳೆಯಲಿಕ್ಕೆ ಬರ್ತಾರೆ ಅಂದ್ರೆ ಮನೆಯಲ್ಲಿ ಎಂತದೋ ಕಷ್ಟ ಉಂಟು ಅಂತ ಲೆಕ್ಕ." ಅವರು ಎದ್ದು ಸೀರೆಗೆ ಅಂಟಿದ ಹುಲ್ಲು ಕೊಡವಿದರು. "ನನಗೆ ಒಂದು ಹಸು ಆದ್ರೂ ಉಳೀತಿತ್ತಲ್ಲ."

ಮತ್ತೆ ಉರ್ವ ಎಲ್ಲಿ ಹೋಯಿತು ಎಂದು ನೋಡಲು ಹೋದರು.

ನನ್ನ ಮನೆಯಲ್ಲಿ ಕಷ್ಟ ಏನೂ ಇಲ್ಲ. ಸನ್ನಾಗಳ ಎತ್ತರದ ವಿಷಯ ಬಿಟ್ಟರೆ ಏನೂ ಇಲ್ಲ. ಅದನ್ನು ಅವರಿಗೆ ಹೇಳಬೇಕಿತ್ತು. ಹೇಳಲಿಲ್ಲ.

ಬಸ್ಸಿನಲ್ಲಿ ಅತ್ತೆ. ಕೂಳೂರು ಸೇತುವೆಯಿಂದ ಕೊಟ್ಟಾರ ಚೌಕಿಯವರೆಗೆ.